ಬಂಡಿ ಬೆಳೆಯಿತು, ಬಿಡಾರದ ಜಾಗ ಬೆಳೆಯಲಿಲ್ಲ
ಅಮೆರಿಕದ ಫಿಫ್ತ್ ವೀಲ್ ಟ್ರೇಲರುಗಳು ಮತ್ತು ತಂಗುದಾಣದ ಪ್ರಶ್ನೆ

ಅಮೆರಿಕ ಸಂಯುಕ್ತ ಸಂಸ್ಥಾನದ ಇಂಡಿಯಾನಾ ರಾಜ್ಯದಲ್ಲಿರುವ ಎಲ್ಕ್‌ಹಾರ್ಟ್ ಪ್ರದೇಶವು ಸಂಚಾರಿ ಮನೆಗಳ ತಯಾರಿಕೆಗೆ ಜಗತ್ಪ್ರಸಿದ್ಧವಾಗಿದೆ. ಮಲಗುವ ಕೋಣೆ, ಅಡಿಗೆಮನೆ, ಸ್ನಾನಗೃಹಗಳನ್ನೊಳಗೊಂಡ ಈ ವಾಹನಗಳಿಗೆ ಅಲ್ಲಿ ರಿಕ್ರಿಯೇಷನಲ್ ವೆಹಿಕಲ್ ಅಥವಾ ಸಂಕ್ಷೇಪವಾಗಿ ಆರ್.ವಿ. ಎಂದು ಹೆಸರು. ದೊಡ್ಡ ಕಾರ್ಖಾನೆಗಳ ಸುತ್ತ ಆಕ್ಸಲ್, ಚೌಕಟ್ಟು, ಕಿಟಕಿ, ಪೀಠೋಪಕರಣಗಳನ್ನು ಒದಗಿಸುವ ಅನೇಕ ಪೂರಕ ಘಟಕಗಳು ಅಲ್ಲಿ ಬೆಳೆದು ನಿಂತಿವೆ. ಉದ್ಯಮದ ಏರಿಳಿತವೂ ತೀವ್ರವಾದುದೇ. ಆರ್ಥಿಕ ಹಿಂಜರಿತದ 2009ರಲ್ಲಿ ತಯಾರಕರು ರವಾನಿಸಿದ ಆರ್.ವಿ.ಗಳ ಸಂಖ್ಯೆ ಸುಮಾರು 1.65 ಲಕ್ಷಕ್ಕೆ ಕುಸಿದಿತ್ತು. 2021ರಲ್ಲಿ ಅದು 6 ಲಕ್ಷವನ್ನು ದಾಟಿ ದಾಖಲೆ ನಿರ್ಮಿಸಿ, 2023ರಲ್ಲಿ ಮತ್ತೆ ಸುಮಾರು 3.13 ಲಕ್ಷಕ್ಕೆ ಇಳಿಯಿತು.

ಈ ಉದ್ಯಮದ ಬೆಳವಣಿಗೆಯ ನಡುವೆ ಗ್ರಾಹಕನೊಬ್ಬನು ವಾಹನ ಕೊಂಡ ಮೇಲೆಯೇ ಎದುರಿಸುವ ಸಮಸ್ಯೆಯೊಂದುಂಟು. ಕೊಂಡ ಬಂಡಿಯನ್ನು ರಾತ್ರಿ ನಿಲ್ಲಿಸಲು ಅದರ ಅಳತೆಗೆ ತಕ್ಕ ಜಾಗ ದೊರೆಯುವುದೆಲ್ಲಿ? ಈ ಪ್ರಶ್ನೆ ವಿಶೇಷವಾಗಿ ಕಾಡುವುದು ದೊಡ್ಡ ಫಿಫ್ತ್ ವೀಲ್ ಟ್ರೇಲರುಗಳ ಮಾಲೀಕರನ್ನು. ಇವರಲ್ಲಿ ಹಲವರು ನಿವೃತ್ತಿಯ ಹಣವನ್ನು ತೊಡಗಿಸಿದವರು. ಕೆಲವರು ಮನೆಯನ್ನೇ ಮಾರಿ ಟ್ರೇಲರನ್ನೇ ಮನೆ ಮಾಡಿಕೊಂಡವರು. ಅಂಥವರಿಗೆ ಜಾಗ ಸಿಗದಿರುವುದು ಪ್ರವಾಸದ ಅಡಚಣೆ ಮಾತ್ರವಲ್ಲ, ವಾಸದ ಪ್ರಶ್ನೆಯೂ ಹೌದು.

ಐದನೆಯ ಚಕ್ರ ಎಂದರೇನು?

ಹೆಸರು ಕೇಳಿ ಐದು ಚಕ್ರಗಳ ಬಂಡಿಯೆಂದು ಭಾವಿಸಬೇಕಾಗಿಲ್ಲ. ಹಿಂದಿನ ಕಾಲದ ಕುದುರೆಗಾಡಿಗಳಲ್ಲಿ ಮುಂದಿನ ಅಚ್ಚು ಎಡಬಲಕ್ಕೆ ತಿರುಗಲು ಅನುಕೂಲವಾಗುವಂತೆ ಅದರ ಮೇಲೆ ಮಲಗಿಸಿದ್ದ ಚಕ್ರಾಕಾರದ ಲೋಹದ ಬಳೆಗೆ ಈ ಹೆಸರಿತ್ತು. ಮುಂದೆ ಸರಕು ಸಾಗಣೆಯ ಟ್ರೇಲರುಗಳಲ್ಲಿ ಬಳಸುವ ಕೊಂಡಿಗೂ ಅದೇ ಹೆಸರು ಉಳಿಯಿತು. ನಮ್ಮ ಹೆದ್ದಾರಿಗಳಲ್ಲಿ ಬಂದರಿಗೆ ಕಂಟೇನರುಗಳನ್ನು ಒಯ್ಯುವ ಟ್ರೇಲರ್ ಲಾರಿಗಳನ್ನು ಕಂಡವರಿಗೆ ಇದು ಹೊಸದೇನಲ್ಲ. ಎಳೆಯುವ ವಾಹನದ ಮೇಲೆ ಸೀಳುಳ್ಳ ಲೋಹದ ತಟ್ಟೆ, ಟ್ರೇಲರಿನ ತಳದಲ್ಲಿ ಕಿಂಗ್‌ಪಿನ್ ಎಂಬ ಗೂಟ. ಗೂಟ ಸೀಳಿನೊಳಗೆ ಸೇರಿ ಬಂಧಿತವಾಗುತ್ತದೆ.

ವಾಸದ ಟ್ರೇಲರಿನಲ್ಲಿ ಈ ತಟ್ಟೆಯನ್ನು ಪಿಕಪ್ ಟ್ರಕ್ಕಿನ ಹಿಂಬದಿಯ ಸರಕಿನ ತೊಟ್ಟಿಯಲ್ಲಿ ಕೂರಿಸಲಾಗುತ್ತದೆ. ಟ್ರೇಲರಿನ ಮುಂಭಾರ ಟ್ರಕ್ಕಿನ ಹಿಂದಿನ ಅಚ್ಚಿನ ಸಮೀಪವೇ ಬೀಳುವುದರಿಂದ ಓಟ ಸ್ಥಿರವಾಗಿರುತ್ತದೆ. ಬಂಪರಿನ ಹಿಂದೆ ಕಟ್ಟಿ ಎಳೆಯುವ ಸಾಮಾನ್ಯ ಟ್ರೇಲರಿಗಿಂತ ಹೆಚ್ಚಿನ ತೂಕವನ್ನು ಹೀಗೆ ಒಯ್ಯಬಹುದು. ಈ ಅನುಕೂಲವೇ ತಯಾರಕರಿಗೆ ಉದ್ದ, ಎತ್ತರ, ತೂಕಗಳನ್ನು ಬೆಳೆಸಲು ಪ್ರೇರಣೆಯಾಯಿತು. ಇಂದು 40ರಿಂದ 44 ಅಡಿ ಉದ್ದದ, ಸುಮಾರು 13 ಅಡಿ ಎತ್ತರದ, ತುಂಬಿದಾಗ 7ರಿಂದ 9 ಟನ್ ತೂಗುವ ಮಾದರಿಗಳು ಮಾರುಕಟ್ಟೆಯಲ್ಲಿವೆ.

ನಿಜವಾದ ಅಳತೆಯ ಲೆಕ್ಕ

42 ಅಡಿಯ ಟ್ರೇಲರನ್ನು ಕೊಂಡವನಿಗೆ 42 ಅಡಿಯ ಜಾಗ ಸಾಕೆ? ಲೆಕ್ಕ ಅಷ್ಟು ಸರಳವಲ್ಲ. ಎಳೆಯುವ ಟ್ರಕ್ಕಿನ ಉದ್ದ ಸುಮಾರು 21 ಅಡಿ. ಟ್ರೇಲರಿನ ಮೂತಿ ಟ್ರಕ್ಕಿನ ತೊಟ್ಟಿಯ ಮೇಲೆ ಚಾಚಿಕೊಂಡಿರುವುದರಿಂದ ನಾಲ್ಕೈದು ಅಡಿಗಳನ್ನು ಕಳೆಯಬೇಕು. ಆದರೂ ಒಟ್ಟು ಉದ್ದ ಸುಮಾರು 58 ಅಡಿಯಾಗುತ್ತದೆ. ಜೋಡಿಯನ್ನು ಬಿಚ್ಚದೆ ನಿಲ್ಲಿಸಬೇಕಾದರೆ ಅಷ್ಟು ಉದ್ದ ಬೇಕು. ಬಿಚ್ಚಿ ನಿಲ್ಲಿಸುವುದಾದರೆ ಟ್ರಕ್ಕಿಗೆ ಬೇರೆ ಜಾಗ ಬೇಕು; ಅದು ಟ್ರೇಲರಿನ ಅಡಿಯಿಂದ ಮುಂದಕ್ಕೆ ಸರಿದು ಹೊರಬರಲೂ ಸ್ಥಳಾವಕಾಶವಿರಬೇಕು.

ಅಗಲದ ಲೆಕ್ಕವೂ ಹೀಗೆಯೇ. ರಸ್ತೆಯಲ್ಲಿ ಓಡುವಾಗ ಟ್ರೇಲರಿನ ಅಗಲ ಎಂಟೂವರೆ ಅಡಿ ಮೀರುವುದಿಲ್ಲ. ನಿಂತ ಮೇಲೆ ಗೋಡೆಯ ಭಾಗಗಳು ಮೇಜಿನ ಸೆಳೆಖಾನೆಯಂತೆ ಹೊರಕ್ಕೆ ಸರಿದು ಕೋಣೆಯನ್ನು ಹಿಗ್ಗಿಸುತ್ತವೆ. 1990ರ ದಶಕದಲ್ಲಿ ಬಳಕೆಗೆ ಬಂದ ಈ ಸ್ಲೈಡ್‌ಔಟ್‌ಗಳು ಇಂದಿನ ದೊಡ್ಡ ಮಾದರಿಗಳಲ್ಲಿ ಎರಡೂ ಬದಿಗೆ ಸುಮಾರು ಮೂರು ಮೂರು ಅಡಿ ಚಾಚುತ್ತವೆ. ಅಲ್ಲಿಗೆ 14 ಅಡಿಗೂ ಹೆಚ್ಚು ಅಗಲ ಬೇಕಾಯಿತು. ಆ ಅಂತರದೊಳಗೆ ಒಂದು ಮರವೋ ವಿದ್ಯುತ್ ಪೆಟ್ಟಿಗೆಯ ಕಂಬವೋ ಇದ್ದರೆ ಕೋಣೆ ತೆರೆಯುವುದಿಲ್ಲ.

ಮೂರನೆಯದು ತಿರುವು. ಉದ್ದನೆಯ ಟ್ರೇಲರು ತಿರುಗುವಾಗ ಅದರ ಹಿಂದಿನ ಚಕ್ರಗಳು ಟ್ರಕ್ಕಿನ ಜಾಡನ್ನು ಅನುಸರಿಸದೆ ಒಳಮೂಲೆಯನ್ನು ಕತ್ತರಿಸಿಕೊಂಡು ಸಾಗುತ್ತವೆ. ಕೈಗಾರಿಕಾ ವಸಾಹತಿನ ಕಿರಿದಾದ ಅಡ್ಡರಸ್ತೆಗೆ ಕಂಟೇನರ್ ಲಾರಿಯನ್ನು ತಿರುಗಿಸಲು ಚಾಲಕನು ಪಡುವ ಪಾಡನ್ನು ನೋಡಿದವರಿಗೆ ಇದರ ವಿವರಣೆ ಬೇಕಿಲ್ಲ.

ಜಾಗ ಚಿಕ್ಕದಾಗಿರುವುದೇಕೆ?

ಅಮೆರಿಕದ ಸಾರ್ವಜನಿಕ ಶಿಬಿರತಾಣಗಳ ವಿನ್ಯಾಸಕ್ಕೆ ಒಂದು ಇತಿಹಾಸವಿದೆ. ಮೋಟಾರು ಕಾರುಗಳು ಹೆಚ್ಚಿದಂತೆ ಪ್ರವಾಸಿಗರು ಕಾಡಿನೊಳಗೆ ಎಲ್ಲೆಂದರಲ್ಲಿ ವಾಹನ ನುಗ್ಗಿಸತೊಡಗಿದಾಗ, ಚಕ್ರಗಳ ಭಾರಕ್ಕೆ ಮಣ್ಣು ಗಟ್ಟಿಯಾಗಿ ಮರಗಳ ಬೇರುಗಳು ನಲುಗಿದವು. ಇದನ್ನು ಅಧ್ಯಯನ ಮಾಡಿದವನು ಅರಣ್ಯ ಇಲಾಖೆಯ ಸಸ್ಯರೋಗ ತಜ್ಞ ಇ. ಪಿ. ಮೈನೆಕೆ. 1930ರ ದಶಕದ ಆರಂಭದಲ್ಲಿ ಆತನು ಸೂಚಿಸಿದ ಪರಿಹಾರ ಸರಳವಾಗಿತ್ತು. ಏಕಮುಖ ಸಂಚಾರದ ಸುತ್ತುದಾರಿ, ಅದರಿಂದ ಕವಲೊಡೆಯುವ ಗಿಡ್ಡನೆಯ ನಿಲುಗಡೆ ಪಟ್ಟಿಗಳು, ವಾಹನ ಅಲ್ಲಿಂದ ಆಚೆ ಹೋಗದಂತೆ ತಡೆಯುವ ಬಂಡೆಗಳು ಮತ್ತು ಮರದ ದಿಮ್ಮಿಗಳು. 1933ರಲ್ಲಿ ಆರಂಭವಾದ ಸಿವಿಲಿಯನ್ ಕನ್ಸರ್ವೇಷನ್ ಕೋರ್ ಎಂಬ ಉದ್ಯೋಗ ಯೋಜನೆಯ ಯುವಕರು ಈ ಮಾದರಿಯಲ್ಲಿ ದೇಶದಾದ್ಯಂತ ಶಿಬಿರತಾಣಗಳನ್ನು ಕಟ್ಟಿದರು. 1956ರಿಂದ 1966ರವರೆಗೆ ನಡೆದ ‘ಮಿಷನ್ 66’ ಯೋಜನೆಯಡಿ ರಾಷ್ಟ್ರೀಯ ಉದ್ಯಾನಗಳಲ್ಲಿ ಇನ್ನಷ್ಟು ಸೌಕರ್ಯಗಳು ಸೇರಿದವು. ಇವುಗಳ ಅಳತೆಯೆಲ್ಲ ಅಂದಿನ ಕಾರು, ಡೇರೆ ಹಾಗೂ ಸಣ್ಣ ಟ್ರೇಲರುಗಳಿಗೆ ತಕ್ಕುದಾಗಿತ್ತು.

ಪರಿಣಾಮವನ್ನು ಇಂದಿಗೂ ಕಾಣಬಹುದು. ಗ್ರ್ಯಾಂಡ್ ಕ್ಯಾನ್ಯನ್ನಿನ ದಕ್ಷಿಣ ಅಂಚಿನ ಮ್ಯಾಥರ್ ಶಿಬಿರತಾಣದಲ್ಲಿ ವಾಹನದ ಗರಿಷ್ಠ ಉದ್ದ 30 ಅಡಿ. ಯೊಸೆಮಿಟಿ ಕಣಿವೆಯ ಅಪ್ಪರ್ ಪೈನ್ಸ್ ತಾಣದಲ್ಲಿ ಟ್ರೇಲರಿಗೆ 24 ಅಡಿಯ ಮಿತಿ. ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ 1933ರಲ್ಲಿ ಉದ್ಘಾಟನೆಗೊಂಡ ‘ಗೋಯಿಂಗ್ ಟು ದ ಸನ್’ ರಸ್ತೆಯ ಬೆಟ್ಟದ ಭಾಗದಲ್ಲಿ 21 ಅಡಿಗಿಂತ ಉದ್ದದ ವಾಹನಗಳಿಗೆ ಪ್ರವೇಶವೇ ಇಲ್ಲ. ಜಾಗವನ್ನು ಹಿಗ್ಗಿಸುವುದೂ ಸುಲಭಸಾಧ್ಯವಲ್ಲ. ಮರ ಕಡಿಯಬೇಕು, ಬಂಡೆ ಒಡೆಯಬೇಕು. ಎರಡು ಚಿಕ್ಕ ನಿವೇಶನಗಳನ್ನು ಸೇರಿಸಿ ಒಂದು ದೊಡ್ಡದನ್ನು ಮಾಡಿದರೆ ಒಂದು ಕುಟುಂಬಕ್ಕೆ ಸ್ಥಳ ತಪ್ಪಿತು. ಡೇರೆ ಹಾಕುವವರು ಅದನ್ನು ಒಪ್ಪುವುದೂ ಇಲ್ಲ.

ಆದರೆ ಅನುಕೂಲದ ತಾಣಗಳು ಇಲ್ಲವೆಂದಲ್ಲ. ಮ್ಯಾಥರ್ ತಾಣಕ್ಕೆ ಸಮೀಪದಲ್ಲಿಯೇ ಇರುವ ಟ್ರೇಲರ್ ವಿಲೇಜಿನಲ್ಲಿ 50 ಅಡಿವರೆಗಿನ ವಾಹನಗಳು ನಿಲ್ಲಬಹುದಾದ, ನೀರು, ವಿದ್ಯುತ್, ಒಳಚರಂಡಿಗಳುಳ್ಳ ನಿವೇಶನಗಳಿವೆ. ಯೆಲ್ಲೋಸ್ಟೋನಿನಲ್ಲಿ ಈ ಮೂರೂ ಸೌಲಭ್ಯಗಳಿರುವುದು ಫಿಷಿಂಗ್ ಬ್ರಿಜ್ ಎಂಬ ಒಂದೇ ತಾಣದಲ್ಲಿ. ಸೇನಾ ಎಂಜಿನಿಯರುಗಳ ದಳವು ತನ್ನ ಜಲಾಶಯಗಳ ದಡದಲ್ಲಿ ನಡೆಸುವ ತಾಣಗಳಲ್ಲಿ ಅನೇಕವು ವಿಶಾಲವಾಗಿದ್ದು, ದೊಡ್ಡ ಬಂಡಿಗಳವರಿಗೆ ಅಚ್ಚುಮೆಚ್ಚಿನವಾಗಿವೆ. ಖಾಸಗಿ ರಂಗದಲ್ಲಿ 1962ರಲ್ಲಿ ಮೊಂಟಾನಾದ ಬಿಲ್ಲಿಂಗ್ಸ್ ಪಟ್ಟಣದಲ್ಲಿ ಹುಟ್ಟಿದ ಕೆ.ಒ.ಎ. ಸಂಸ್ಥೆ ಫ್ರಾಂಚೈಸಿ ಪದ್ಧತಿಯಲ್ಲಿ ಉತ್ತರ ಅಮೆರಿಕದುದ್ದಕ್ಕೂ ಹಬ್ಬಿದೆ. ಸಿಯಾಟಲ್ ವಿಶ್ವಮೇಳಕ್ಕೆ ಹೊರಟು ಆ ಊರನ್ನು ಹಾಯುತ್ತಿದ್ದ ಪ್ರಯಾಣಿಕರಿಗೆ ತಂಗಲು ಜಾಗ ಬೇಕಾಗಿದ್ದುದೇ ಅದರ ಹುಟ್ಟಿಗೆ ಕಾರಣ.

ತಕ್ಕ ಜಾಗವನ್ನು ಹುಡುಕುವ ಕ್ರಮ

ಅನುಭವಸ್ಥರು ಅನುಸರಿಸುವ ಕ್ರಮವನ್ನು ಹೀಗೆ ಸಂಗ್ರಹಿಸಬಹುದು.

ಮೊದಲನೆಯದಾಗಿ, ಸ್ವಂತ ಬಂಡಿಯನ್ನು ಟೇಪು ಹಿಡಿದು ಅಳೆಯುವುದು. ಮಾದರಿಯ ಹೆಸರಿನಲ್ಲಿರುವ ಸಂಖ್ಯೆಯನ್ನು ಉದ್ದವೆಂದು ನಂಬಲಾಗದು. ಹೆಸರಿನಲ್ಲಿ 35 ಇದ್ದ ಮಾತ್ರಕ್ಕೆ ಉದ್ದ 35 ಅಡಿಯೇ ಆಗಿರಬೇಕೆಂದಿಲ್ಲ. ಹಿಂದಿನ ಏಣಿ, ಸೈಕಲ್ ಕಟ್ಟುವ ಚೌಕಟ್ಟು, ಮಾಳಿಗೆಯ ಹವಾನಿಯಂತ್ರಕ ಇವೆಲ್ಲವನ್ನೂ ಸೇರಿಸಿ ಉದ್ದ, ಎತ್ತರಗಳನ್ನು ಬರೆದಿಟ್ಟುಕೊಳ್ಳಬೇಕು.

ಎರಡನೆಯದಾಗಿ, ನಿವೇಶನದ ವಿವರವನ್ನು ಎಚ್ಚರದಿಂದ ಓದುವುದು. ಸಂಯುಕ್ತ ಸರ್ಕಾರದ ರಿಕ್ರಿಯೇಷನ್ ಡಾಟ್ ಗವ್ ವ್ಯವಸ್ಥೆಯಲ್ಲಿ ಪ್ರತಿ ನಿವೇಶನದ ಗರಿಷ್ಠ ವಾಹನ ಉದ್ದ, ನಿಲುಗಡೆ ಪಟ್ಟಿಯ ಉದ್ದ, ಹಿಮ್ಮುಖವಾಗಿ ಸೇರಬೇಕೋ ನೇರವಾಗಿ ಹಾದುಹೋಗಬಹುದೋ ಎಂಬ ವಿವರಗಳನ್ನು ಕಾಣಬಹುದು. ನಮೂದಿಸಿದ ಉದ್ದ ಟ್ರೇಲರಿಗೆ ಮಾತ್ರವೋ ಟ್ರಕ್ಕನ್ನೂ ಸೇರಿಸಿಯೋ ಎಂಬುದನ್ನು ಖಚಿತಪಡಿಸಿಕೊಳ್ಳದೆ ಹಣ ಕಟ್ಟಬಾರದು.

ಮೂರನೆಯದಾಗಿ, ವಿದ್ಯುತ್ತಿನ ಹೊಂದಾಣಿಕೆ. ಅಲ್ಲಿನ ತಾಣಗಳಲ್ಲಿ 30 ಆಂಪಿಯರ್ ಮತ್ತು 50 ಆಂಪಿಯರ್ ಎಂಬ ಎರಡು ಬಗೆಯ ಸಂಪರ್ಕಗಳು ಸಾಮಾನ್ಯ. ಮೊದಲನೆಯದು 120 ವೋಲ್ಟಿನ ಒಂದೇ ತಂತಿಯದಾದ್ದರಿಂದ 3,600 ವಾಟ್ ಮಾತ್ರ ಕೊಡುತ್ತದೆ. ಎರಡನೆಯದರಲ್ಲಿ ಅಂತಹ ಎರಡು ತಂತಿಗಳಿದ್ದು 12,000 ವಾಟ್ ದೊರೆಯುತ್ತದೆ. ಎರಡು ಹವಾನಿಯಂತ್ರಕಗಳುಳ್ಳ ದೊಡ್ಡ ಟ್ರೇಲರು 30 ಆಂಪಿಯರಿನಲ್ಲಿ ನಿಂತರೆ ಒಂದನ್ನು ಆರಿಸಿಯೇ ಇಡಬೇಕಾದೀತು.

ನಾಲ್ಕನೆಯದಾಗಿ, ತಾಣವನ್ನು ತಲುಪುವ ದಾರಿಯ ಪರಿಶೀಲನೆ. ಉಪಗ್ರಹ ಚಿತ್ರಗಳಲ್ಲಿ ಸುತ್ತುದಾರಿಯ ತಿರುವುಗಳನ್ನು, ಮರಗಳ ಸಾಂದ್ರತೆಯನ್ನು ನೋಡಬಹುದು. ತಗ್ಗು ಸೇತುವೆ, ಸುರಂಗ, ಬಾಗಿದ ಕೊಂಬೆಗಳ ಬಗೆಗೆ ಮೊದಲೇ ತಿಳಿದಿರಬೇಕು. ರಾಜ್ಯಗಳ ಕಾನೂನೂ ಬೇರೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಇಂತಹ ಜೋಡಿ ವಾಹನದ ಒಟ್ಟು ಉದ್ದ ಸಾಮಾನ್ಯವಾಗಿ 65 ಅಡಿ ಮೀರುವಂತಿಲ್ಲ.

ಐದನೆಯದಾಗಿ, ದೂರವಾಣಿಯಲ್ಲಿ ನಿಖರವಾದ ಪ್ರಶ್ನೆ ಕೇಳುವುದು. ‘ದೊಡ್ಡ ಬಂಡಿಗೆ ಜಾಗವುಂಟೆ?’ ಎಂದರೆ ‘ಉಂಟು’ ಎಂಬ ಉತ್ತರ ಸುಲಭವಾಗಿ ಬರುತ್ತದೆ. ‘42 ಅಡಿಯ ಟ್ರೇಲರು, ಎರಡೂ ಬದಿಗೆ ಸ್ಲೈಡ್‌ಔಟ್, ಟ್ರಕ್ಕನ್ನು ಬಿಚ್ಚಿ ಎಲ್ಲಿ ನಿಲ್ಲಿಸಬೇಕು? ನಿವೇಶನದ ಎದುರಿನ ರಸ್ತೆಯ ಅಗಲವೆಷ್ಟು?’ ಎಂದು ಕೇಳಿದರೆ ಉಪಯುಕ್ತ ಉತ್ತರ ದೊರೆಯುತ್ತದೆ.

ಕೊನೆಯದಾಗಿ, ಮುಂಗಡ ಕಾಯ್ದಿರಿಸುವಿಕೆ ಮತ್ತು ಹಗಲಿನಲ್ಲಿ ತಲುಪುವ ಯೋಜನೆ. ಅನೇಕ ಸರ್ಕಾರಿ ತಾಣಗಳಲ್ಲಿ ಆರು ತಿಂಗಳು ಮೊದಲೇ ಕಾಯ್ದಿರಿಸಬಹುದು. ಉದ್ದನೆಯ ನಿವೇಶನಗಳು ಕಡಿಮೆ; ಅವುಗಳನ್ನು ಚಿಕ್ಕ ಬಂಡಿಯವರೂ ಪಡೆಯಬಹುದಾದ್ದರಿಂದ ಬೇಗ ಮುಗಿದುಹೋಗುತ್ತವೆ. ತಲುಪಿದ ಮೇಲೆ ಬಂಡಿಯನ್ನು ಹೊರಗೇ ನಿಲ್ಲಿಸಿ, ನಡೆದು ಹೋಗಿ ಜಾಗ ನೋಡಿಬರುವವರಿಗೆ ನಷ್ಟದ ಭಯ ಕಡಿಮೆ.

ವರ್ತಕರಿಗೂ ತಯಾರಕರಿಗೂ ಪಾಠ

ವಾಹನದ ಮಾದರಿ ವರ್ಷಕ್ಕೊಮ್ಮೆ ಬದಲಾಗುತ್ತದೆ. ಬಂಡೆ ಇಟ್ಟು ಕಟ್ಟಿದ ನಿವೇಶನ ಅರವತ್ತು, ಎಂಬತ್ತು ವರ್ಷ ಹಾಗೆಯೇ ಉಳಿಯುತ್ತದೆ. ಪ್ರದರ್ಶನದ ಅಂಗಳದಲ್ಲಿ ಗ್ರಾಹಕನ ಮನಸ್ಸನ್ನು ಸೆಳೆಯುವುದು ಒಳಗಿನ ವೈಶಾಲ್ಯ. ಹೊರಗಿನ ಅಳತೆಯ ತೊಡಕು ಅವನಿಗೆ ಅರಿವಾಗುವುದು ಮೊದಲ ಪ್ರವಾಸದಲ್ಲಿ. ಆರಂಭದ ವರ್ಷಗಳಲ್ಲಿಯೇ ಬೆಲೆ ಗಣನೀಯವಾಗಿ ಇಳಿಯುವ ಸರಕಾದ್ದರಿಂದ, ಚಿಕ್ಕ ಮಾದರಿಗೆ ಬದಲಾಯಿಸಲು ಹೊರಟರೆ ನಷ್ಟ ಅವನದೇ. ‘ನೀವು ಎಲ್ಲೆಲ್ಲಿ ತಂಗಬಯಸುವಿರಿ?’ ಎಂದು ಮೊದಲೇ ಕೇಳಿ, ರಾಷ್ಟ್ರೀಯ ಉದ್ಯಾನಗಳೇ ಗುರಿಯಾದರೆ 30 ಅಡಿಯೊಳಗಿನ ಮಾದರಿಯನ್ನು ತೋರಿಸುವ ವರ್ತಕನು ಆ ದಿನ ಕಡಿಮೆ ಲಾಭ ಪಡೆದರೂ ಗ್ರಾಹಕನನ್ನು ಉಳಿಸಿಕೊಳ್ಳುತ್ತಾನೆ.

ನಮ್ಮ ದೇಶದಲ್ಲಿಯೂ ಸಂಚಾರಿ ವಾಹನಗಳ ಪ್ರವಾಸ ಈಗ ತಾನೇ ಬೇರೂರುತ್ತಿದೆ. ನೆರೆಯ ಕೇರಳವು 2021ರಲ್ಲಿ ಪ್ರಕಟಿಸಿದ ಕ್ಯಾರವಾನ್ ಪ್ರವಾಸೋದ್ಯಮ ನೀತಿಯಲ್ಲಿ ವಾಹನಗಳನ್ನೂ ಅವು ತಂಗುವ ಉದ್ಯಾನಗಳನ್ನೂ ಒಟ್ಟಿಗೆ ಪರಿಗಣಿಸಿರುವುದು ಈ ದೃಷ್ಟಿಯಿಂದ ಗಮನಾರ್ಹ. ಕರ್ನಾಟಕದಲ್ಲಿ ಬಾಡಿ ಕಟ್ಟುವ ಘಟಕಗಳವರು ಈ ಕ್ಷೇತ್ರಕ್ಕೆ ಕಾಲಿಡುವುದಾದರೆ ಘಟ್ಟದ ತಿರುವು, ಹೋಂಸ್ಟೇಯ ಅಂಗಳ, ಅಲ್ಲಿನ ವಿದ್ಯುತ್ ಸಂಪರ್ಕ ಇವುಗಳನ್ನು ಅಳೆದ ಮೇಲೆ ವಾಹನದ ಉದ್ದವನ್ನು ನಿರ್ಧರಿಸುವುದು ಲೇಸು.

ಈ ಮಾತು ಬೇರೆ ಉದ್ದಿಮೆಗಳಿಗೂ ಸಲ್ಲುತ್ತದೆ. ಗ್ರಾಹಕನ ಷೆಡ್ಡಿನ ಬಾಗಿಲಿನಲ್ಲಿ ತೂರದ ಯಂತ್ರ, ಅವನಿಗೆ ಮಂಜೂರಾದ ವಿದ್ಯುತ್ ಹೊರೆಗೆ ಮೀರಿದ ಮೋಟಾರು, ಅಂಗಡಿಯ ಕಪಾಟಿನಲ್ಲಿ ನಿಲ್ಲದ ಡಬ್ಬಿ ಇವೆಲ್ಲವೂ 42 ಅಡಿಯ ಟ್ರೇಲರಿನ ಸೋದರಗಳೇ. ಬೆಲೆಪಟ್ಟಿ ಕಳುಹಿಸುವ ಮೊದಲು ಸರಕು ಹೋಗಿ ನಿಲ್ಲುವ ಜಾಗದ ಅಳತೆಯನ್ನು ತರಿಸಿಕೊಳ್ಳುವ ಕ್ರಮವನ್ನು ರೂಢಿಸಿಕೊಂಡರೆ, ಹಿಂದಿರುಗಿ ಬರುವ ಸರಕೂ ಮುರಿದುಬೀಳುವ ವ್ಯವಹಾರವೂ ಕಡಿಮೆಯಾಗುವುದು ನಿಶ್ಚಿತ.