ಹಿಂದಿನ ಸ್ಪ್ರಿಂಗಿಗೂ ಒಂದು ಲೆಕ್ಕವಿದೆ

ಗೊಬ್ಬರದ ಮೂಟೆಯನ್ನು ಮೋಟಾರ್ ಸೈಕಲ್ಲಿನ ಹಿಂದೆ ಬಿಗಿದು ತೋಟಕ್ಕೆ ಹೋಗುವ ಸದಸ್ಯ ಬಾಂಧವರು ನಮ್ಮಲ್ಲಿ ಬಹಳ. ಕಳೆದ ಮಳೆಗಾಲದಲ್ಲಿ ನಾನೂ ಹಾಗೆಯೇ ಹೊರಟು, ಏರು ತಿರುವಿನಲ್ಲಿ ಮುಂದಿನ ಚಕ್ರ ಹಗುರಾಗಿ ಜಾರಿ ಚರಂಡಿಗೆ ಬಿದ್ದೆ. ಬೈದದ್ದು ರಸ್ತೆಯನ್ನು. ಆದರೆ ಸ್ಪ್ರಿಂಗ್ ಇದ್ದದ್ದು ನಾನೊಬ್ಬನೇ ಕೂರುವ ಲೆಕ್ಕಕ್ಕೆ.

ಹಿಂದಿನ ಎರಡೂ ಶಾಕ್ ಅಬ್ಸಾರ್ಬರುಗಳಲ್ಲಿ ಮೆಟ್ಟಿಲು ಮೆಟ್ಟಿಲಾದ ಬಳೆಯೊಂದಿರುತ್ತದೆ. ಸ್ಪ್ಲೆಂಡರಿನಲ್ಲಿ 5 ಮೆಟ್ಟಿಲು. ಕೊಕ್ಕೆ ಸ್ಪ್ಯಾನರಿನಿಂದ ಏರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆಂಬುದು ತಪ್ಪು ತಿಳಿವಳಿಕೆ. ಅದು ಮೊದಲೇ ಒತ್ತಿಕೊಂಡು, ಭಾರ ಬಿದ್ದಾಗ ಗಾಡಿಯ ಹಿಂಭಾಗ ಕುಸಿಯದಂತೆ ಎತ್ತಿ ಹಿಡಿಯುತ್ತದೆ.

ನಡು ಸ್ಟ್ಯಾಂಡ್ ಹಾಕಿ, ತೂಗುವ ಹಿಂಚಕ್ರದ ಆಕ್ಸಲ್‌ನಿಂದ ಸೀಟಿನಂಚಿಗೆ ಅಳೆಯಿರಿ. ಸ್ಟ್ಯಾಂಡಿನಿಂದ ಇಳಿಸಿ, ನೀವು ಕುಳಿತು, ಬೇರೊಬ್ಬರಿಂದ ಮತ್ತೆ ಅಳೆಸಿ. ಚಕ್ರ ಆಡುವ ಒಟ್ಟು ದೂರದ ಸುಮಾರು ಮೂರರಲ್ಲೊಂದು ಪಾಲು ಕುಸಿದಿದ್ದರೆ ಸರಿ. ಹೆಚ್ಚು ಕುಸಿದರೆ ಮೆಟ್ಟಿಲು ಏರಿಸಿ. 60 ಕಿಲೋದ ಮಗನಿಗೆ ಹಿಡಿಸಿದ್ದು 85 ಕಿಲೋದ ಅಪ್ಪನಿಗೆ ಆಗದು.

ಮೂಟೆಯಿದ್ದ ದಿನ ಇನ್ನೂ ಏರಿಸಿ, ಎರಡೂ ಬದಿ ಸಮನಾಗಿ. ಮೂಟೆ ಇಳಿಸಿದ ಮೇಲೆ ಇಳಿಸಲು ಮರೆತರೆ ಕಲ್ಲುದಾರಿಯಲ್ಲಿ ಸೊಂಟವೇ ನೆನಪಿಸುತ್ತದೆ! ಎಣ್ಣೆ ಸೋರುವ ಅಬ್ಸಾರ್ಬರಿಗೆ ಮಾತ್ರ ಈ ಉಪಾಯ ನಡೆಯದು, ಅದನ್ನು ಬದಲಿಸಬೇಕು.