ಅಂಗಿಯ ಗುಂಡಿಯಲ್ಲೂ ಒಂದು ಪಾಠ: ಆಕ್ಯುಪೇಷನಲ್ ಥೆರಪಿ ಓದುವವರು ಏನು ಕಲಿಯುತ್ತಾರೆ?

ನೀಟ್ ಫಲಿತಾಂಶ ಬಂದ ವಾರ ನಮ್ಮವರ ಮನೆಗಳಲ್ಲಿ ಒಂದೇ ಲೆಕ್ಕಾಚಾರ. ಎಂ.ಬಿ.ಬಿ.ಎಸ್. ಸಿಗದಿದ್ದರೆ ಡೆಂಟಲ್, ಅದೂ ಇಲ್ಲದಿದ್ದರೆ ಆಯುರ್ವೇದ, ಕೊನೆಗೆ ಫಿಸಿಯೋಥೆರಪಿ. ಮಹಾರಾಷ್ಟ್ರದ ಪ್ರವೇಶ ಪಟ್ಟಿಯಲ್ಲಿ ಇವುಗಳ ಜೊತೆಗೇ ಇನ್ನೊಂದು ಹೆಸರಿರುತ್ತದೆ: ಬ್ಯಾಚುಲರ್ ಆಫ್ ಆಕ್ಯುಪೇಷನಲ್ ಥೆರಪಿ. "ಅದೇನು, ಕೆಲಸ ಕೊಡಿಸುವ ಕೋರ್ಸಾ?" ಎಂದು ಅಪ್ಪ ಕೇಳುತ್ತಾರೆ. "ಮಾಲೀಶು ಮಾಡೋದು ಇರಬೇಕು ಬಿಡಿ" ಎಂದು ಪಕ್ಕದ ಫ್ಲ್ಯಾಟಿನವರು ಉತ್ತರಿಸುತ್ತಾರೆ. ಎರಡೂ ಸರಿಯಲ್ಲ.

ಗೊಂದಲ ಹೆಸರಿನಲ್ಲೇ ಇದೆ. ಕನ್ನಡದಲ್ಲಿ ಇದನ್ನು 'ಔದ್ಯೋಗಿಕ ಚಿಕಿತ್ಸೆ' ಎಂದು ಬರೆದಾಗ ಅದು ಇನ್ನೂ ಹೆಚ್ಚುತ್ತದೆ. ಇಲ್ಲಿ 'ಆಕ್ಯುಪೇಷನ್' ಎಂದರೆ ಸಂಬಳದ ಉದ್ಯೋಗ ಮಾತ್ರವಲ್ಲ. ಬೆಳಿಗ್ಗೆ ಹಲ್ಲುಜ್ಜುವುದರಿಂದ ರಾತ್ರಿ ಹಾಸಿಗೆ ಹಾಸುವವರೆಗೆ ಮನುಷ್ಯನ ದಿನವನ್ನು ತುಂಬುವ ಎಲ್ಲ ಕೆಲಸವೂ ಅದರಲ್ಲಿ ಸೇರುತ್ತದೆ. ಮಗುವಿಗೆ ಆಟ, ಅಜ್ಜಿಗೆ ದೇವರ ದೀಪ ಹಚ್ಚುವುದು, ಗುಮಾಸ್ತನಿಗೆ ಕೀಬೋರ್ಡು, ಎಲ್ಲವೂ ಆಕ್ಯುಪೇಷನ್ನೇ. ಪಾರ್ಶ್ವವಾಯು, ಅಪಘಾತ, ಸುಟ್ಟಗಾಯ, ಮಾನಸಿಕ ಕಾಯಿಲೆ ಅಥವಾ ಹುಟ್ಟಿನಿಂದ ಬಂದ ತೊಂದರೆ ಇವುಗಳಿಗೆ ಅಡ್ಡಿಯಾದಾಗ ಮತ್ತೆ ದಾರಿ ಮಾಡಿಕೊಡುವುದೇ ಈ ವೃತ್ತಿ.

ಮುಂಬಯಿಯವರಿಗೆ ಇದು ದೂರದ ವಿಷಯವೂ ಅಲ್ಲ. ಭಾರತದ ಮೊದಲ ಆಕ್ಯುಪೇಷನಲ್ ಥೆರಪಿ ಶಾಲೆ ಶುರುವಾದದ್ದು ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ, 1950ರಲ್ಲಿ. ಅದನ್ನು ಕಟ್ಟಿದವರು ಕಮಲಾ ನಿಂಬಕರ್. ಅಮೆರಿಕದಲ್ಲಿ ಎಲಿಜಬೆತ್ ಲಂಡಿಯಾಗಿ ಹುಟ್ಟಿದ ಅವರು ಭಾರತೀಯರೊಬ್ಬರನ್ನು ಮದುವೆಯಾಗಿ ಇಲ್ಲಿಯವರೇ ಆದರು. 1952ರಲ್ಲಿ ಈ ವೃತ್ತಿಯ ವಿಶ್ವ ಒಕ್ಕೂಟ ಹುಟ್ಟಿದಾಗ ಅದರ ಹತ್ತು ಸ್ಥಾಪಕ ದೇಶಗಳಲ್ಲಿ ಭಾರತವೂ ಒಂದಾಗಿತ್ತು.

ಹಾಗಾದರೆ ಓದುವುದೇನು? ಮೊದಲ ವರ್ಷ ಮೆಡಿಕಲ್ ವಿದ್ಯಾರ್ಥಿಗಳಂತೆ ಅಂಗರಚನೆ, ಶರೀರಕ್ರಿಯೆ, ಜೀವರಸಾಯನ. ಎಲುಬು, ಸ್ನಾಯು, ನರಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಬೇಕು. ಜೊತೆಗೆ ಮನಶ್ಶಾಸ್ತ್ರ, ಸಮಾಜಶಾಸ್ತ್ರ. ಆಮೇಲೆ ರೋಗಶಾಸ್ತ್ರ, ಔಷಧಶಾಸ್ತ್ರ, ದೇಹದ ಚಲನೆಯ ಲೆಕ್ಕ ಹೇಳುವ ಬಯೋಮೆಕ್ಯಾನಿಕ್ಸ್. ಮುಂದಿನ ವರ್ಷಗಳಲ್ಲಿ ಮೂಳೆ, ನರರೋಗ, ಮಕ್ಕಳ ವೈದ್ಯ, ಮನೋವೈದ್ಯ ವಿಭಾಗಗಳ ವಿಷಯಗಳು, ಪ್ರತಿಯೊಂದರಲ್ಲೂ ಥೆರಪಿಸ್ಟರ ಪಾಲೇನು ಎಂಬುದು, ಕೊನೆಗೆ ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ. ಬಹುಕಾಲ ಇದು ನಾಲ್ಕು ವರ್ಷದ ಓದು, ಆರು ತಿಂಗಳ ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷವಾಗಿತ್ತು. ವಿಶ್ವ ಒಕ್ಕೂಟದ ಮಾನದಂಡದ ಪ್ರಕಾರ ರೋಗಿಗಳ ನಡುವೆ ಕನಿಷ್ಠ 1000 ಗಂಟೆ ತರಬೇತಿ ಆಗಿರಬೇಕು.

ಆದರೆ ಈ ಓದಿನ ಜೀವಾಳ ಬೇರೆ ಕಡೆ ಇದೆ. ಅದರ ಹೆಸರು 'ಆಕ್ಟಿವಿಟಿ ಅನಾಲಿಸಿಸ್', ಅಂದರೆ ನಾವು ಯೋಚಿಸದೆಯೇ ಮಾಡುವ ಕೆಲಸವನ್ನು ಬಿಡಿಬಿಡಿಯಾಗಿ ಬಿಚ್ಚಿ ನೋಡುವುದು. ಅಂಗಿಯ ಗುಂಡಿ ಹಾಕುವುದನ್ನೇ ತೆಗೆದುಕೊಳ್ಳಿ. ಹೆಬ್ಬೆರಳು, ತೋರುಬೆರಳು ಕೂಡಿ ಗುಂಡಿ ಹಿಡಿಯಬೇಕು. ಇನ್ನೊಂದು ಕೈ ಬಟ್ಟೆಯನ್ನು ಬಿಗಿಯಾಗಿ ಹಿಡಿಯಬೇಕು. ಕಣ್ಣಿಗೆ ಕಾಣದ ಕತ್ತಿನ ಗುಂಡಿಯನ್ನು ಬೆರಳ ತುದಿಯ ಸ್ಪರ್ಶದಿಂದಲೇ ಹುಡುಕಬೇಕು. ಕುಳಿತಲ್ಲಿ ಬೆನ್ನು ವಾಲಬಾರದು. ಯಾವ ಗುಂಡಿ ಯಾವ ಕಾಜಕ್ಕೆ ಎಂಬ ಕ್ರಮ ನೆನಪಿರಬೇಕು. ಪಾರ್ಶ್ವವಾಯು ಆದವರಿಗೆ ಗುಂಡಿ ಹಾಕಲು ಬರುತ್ತಿಲ್ಲ ಎಂದರೆ ಇವುಗಳಲ್ಲಿ ಯಾವುದು ಕೈಕೊಟ್ಟಿದೆ? ಬೆರಳ ಬಲವೋ, ಸ್ಪರ್ಶವೋ, ನೋಟವೋ, ನೆನಪೋ? ವಿದ್ಯಾರ್ಥಿ ಹುಡುಕಬೇಕಾದದ್ದು ಅದನ್ನೇ. ಸರಿಪಡಿಸಬಹುದಾದರೆ ಅಭ್ಯಾಸ, ಆಗದಿದ್ದರೆ ಉಪಾಯ. ಸೋತ ಕೈಯನ್ನು ತೋಳಿಗೆ ಮೊದಲು ಹಾಕುವುದು, ಬಿಚ್ಚುವಾಗ ಕೊನೆಗೆ ತೆಗೆಯುವುದು, ಗುಂಡಿಯ ಬದಲು ವೆಲ್ಕ್ರೋ ಹೊಲಿಸುವುದು.

ಫಿಸಿಯೋಥೆರಪಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿ ತಿಳಿಯುತ್ತದೆ. ಎರಡಕ್ಕೂ ಹಂಚಿಕೊಂಡ ವಿಷಯಗಳು ಬಹಳ. ಆದರೆ ಮೊಣಕೈ ಎಷ್ಟು ಮಡಚುತ್ತದೆ ಎಂಬಲ್ಲಿಗೆ ಇವರ ಪ್ರಶ್ನೆ ಮುಗಿಯುವುದಿಲ್ಲ. ಮಡಚಿದ ಕೈ ತುತ್ತನ್ನು ಬಾಯಿಗೆ ಒಯ್ಯುತ್ತದೆಯೇ ಎಂಬುದು ಮುಖ್ಯ.

ಕೈಕೆಲಸವೂ ಸಾಕಷ್ಟಿದೆ. 65–70 ಡಿಗ್ರಿ ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಹಾಳೆಯನ್ನು ಕತ್ತರಿಸಿ, ರೋಗಿಯ ಕೈಮೇಲೆಯೇ ರೂಪ ಕೊಟ್ಟು ಸ್ಪ್ಲಿಂಟ್ ಮಾಡಲು ಕಲಿಯುತ್ತಾರೆ. ಗಾಲಿಕುರ್ಚಿಗೆ ಇಳಿಜಾರು ಕಟ್ಟಿಸುವಾಗ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಎಂಬ ಲೆಕ್ಕ ಕಲಿಯುತ್ತಾರೆ. ಆರು ಇಂಚಿನ ಮೆಟ್ಟಿಲಿಗೇ ಆರು ಅಡಿ ಬೇಕು. ನಮ್ಮ ಕಟ್ಟಡಗಳ ಬಾಗಿಲಲ್ಲಿ ಅಷ್ಟು ಜಾಗ ಎಲ್ಲಿದೆ ಎಂದು ಯೋಚಿಸುವುದೂ ಅದೇ ಪಾಠದ ಭಾಗ. ಮಕ್ಕಳ ವಿಭಾಗದಲ್ಲಿ ಆಟವೇ ಚಿಕಿತ್ಸೆ. ಆಟಿಸಂ ಇರುವ ಮಗುವಿಗೆ ಮಿಕ್ಸಿಯ ಸದ್ದು, ಅಂಗಿಯ ಒಳಗಿನ ಲೇಬಲ್ ಯಾಕೆ ಸಹಿಸಲಾಗದು ಎಂದು ತಿಳಿಯಬೇಕು. ಮನೋವೈದ್ಯ ವಿಭಾಗದಲ್ಲಿ, ದೀರ್ಘಕಾಲದ ಕಾಯಿಲೆಯಿಂದ ದಿನಚರಿಯನ್ನೇ ಕಳೆದುಕೊಂಡವರಿಗೆ ಏಳುವ, ಸ್ನಾನ ಮಾಡುವ, ದುಡಿಯುವ ಲಯವನ್ನು ಮತ್ತೆ ಕಟ್ಟಿಕೊಡಬೇಕು.

ಇಷ್ಟೆಲ್ಲ ಪುಸ್ತಕದಲ್ಲಿ ಸಿಗುತ್ತದೆ. ಪುಸ್ತಕದಲ್ಲಿ ಸಿಗದ ಒಂದು ಭಾಗವಿದೆ. ದಿನನಿತ್ಯದ ಸ್ವಾವಲಂಬನೆ ಅಳೆಯಲು ವಿದ್ಯಾರ್ಥಿಗಳು ಬಳಸುವ 'ಬಾರ್ತೆಲ್ ಇಂಡೆಕ್ಸ್' 1965ರಲ್ಲಿ ಪ್ರಕಟವಾದದ್ದು. ಹತ್ತು ಕೆಲಸ, ಒಟ್ಟು 100 ಅಂಕ. ಊಟಕ್ಕೆ ಹತ್ತು. ತುಂಡು ಮಾಡಲು, ಬೆಣ್ಣೆ ಸವರಲು ಸಹಾಯ ಬೇಕಾದರೆ ಐದು. ನಮ್ಮ ಅಜ್ಜ ಬೆಣ್ಣೆ ಸವರುವುದಿಲ್ಲ. ಜೋಳದ ರೊಟ್ಟಿ ಮುರಿಯುತ್ತಾರೆ, ಸಾರನ್ನ ಕಲಸುತ್ತಾರೆ, ಮುದ್ದೆ ಮುರಿದು ಅದ್ದಿ ನುಂಗುತ್ತಾರೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ, ಕುಕ್ಕರುಗಾಲಿನಲ್ಲಿ ಶೌಚಕ್ಕೆ ಹೋಗಿ ಅಭ್ಯಾಸ. ಅಜ್ಜಿಗೆ ಒಂದೇ ಕೈಯಲ್ಲಿ ಸೀರೆಯ ನೆರಿಗೆ ಹಿಡಿಯಬೇಕು. ಇವನ್ನೆಲ್ಲ ವಿದ್ಯಾರ್ಥಿ ತಾನೇ ಗಮನಿಸಿ, ಬಿಡಿಸಿ, ಕಲಿಸುವ ದಾರಿ ಹುಡುಕಬೇಕು.

ನಮ್ಮಂಥ ಹೊರನಾಡಿನವರಿಗೆ ಈ ಮಾತು ಹೆಚ್ಚು ತಟ್ಟುತ್ತದೆ. ಊರಲ್ಲಿ ಒಬ್ಬರೇ ಇರಲಾಗದ ಅಪ್ಪ ಅಮ್ಮನನ್ನು ಮುಂಬಯಿಗೋ ಪುಣೆಗೋ ಕರೆತಂದಿರುತ್ತೇವೆ. ಅಲ್ಲಿ ಪಾರ್ಶ್ವವಾಯು ಆದರೆ ಆಸ್ಪತ್ರೆಯ ಭಾಷೆ ಮರಾಠಿ, ಹಿಂದಿ. ಮೂರು ಶಬ್ದ ಹೇಳಿ, ಐದು ನಿಮಿಷದ ನಂತರ ಮತ್ತೆ ಹೇಳಿ ಎನ್ನುವ ನೆನಪಿನ ಪರೀಕ್ಷೆಯನ್ನು ತಿಳಿಯದ ಭಾಷೆಯಲ್ಲಿ ಮಾಡಿದರೆ, ಅಮ್ಮನ ಮರೆವೂ ಭಾಷೆಯ ತೊಡಕೂ ಒಂದೇ ರೀತಿ ಕಾಣುತ್ತವೆ. "ಬೆಳಿಗ್ಗೆ ಎದ್ದು ಮೊದಲು ಏನು ಮಾಡ್ತಿದ್ರಿ ಅಮ್ಮಾ?" ಎಂದು ಕನ್ನಡದಲ್ಲೇ ಕೇಳುವ ಹುಡುಗಿಯೊಬ್ಬಳು ಆ ವಿಭಾಗದಲ್ಲಿದ್ದರೆ, ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದ ಸಂಗತಿ ಹೊರಬರುತ್ತದೆ. ಸೋತ ಬೆರಳುಗಳಿಗೆ ರಂಗೋಲಿಯ ಎಳೆಗಿಂತ ಒಳ್ಳೆಯ ವ್ಯಾಯಾಮ ಬೇಕೆ? ಮನೆಯಲ್ಲಿ ಕನ್ನಡ ಆಡಿ ಬೆಳೆದ ನಮ್ಮ ಮಕ್ಕಳಿಗೆ ಆ ಭಾಷೆಯೂ ಈ ವೃತ್ತಿಯ ಒಂದು ಉಪಕರಣವೇ.

ವಿದ್ಯಾರ್ಥಿಗಳಿಗೆ ಎಲ್ಲಕ್ಕಿಂತ ಕಷ್ಟದ ಪಾಠ ಮನೆಯವರ ಪ್ರೀತಿಯನ್ನು ಎದುರಿಸುವುದು. ನಮ್ಮಲ್ಲಿ ಕಾಯಿಲೆಯವರಿಗೆ ನಾವೇ ಉಣಿಸುತ್ತೇವೆ, ನಾವೇ ಬಟ್ಟೆ ಹಾಕುತ್ತೇವೆ. ಅರ್ಧ ಗಂಟೆ ತೆಗೆದುಕೊಂಡು, ಮೈಮೇಲೆಲ್ಲ ಚೆಲ್ಲಿಕೊಂಡು ಅಪ್ಪ ತಾವೇ ಉಣ್ಣುವುದನ್ನು ನೋಡುತ್ತ ಸುಮ್ಮನೆ ಕೂರುವುದು ಮಗಳಿಗೆ ಕಲ್ಲುಮನಸ್ಸು ಅನ್ನಿಸುತ್ತದೆ. ಆದರೆ ಬಳಸದ ಕೈ ಇನ್ನೂ ಸೋಲುತ್ತದೆ. ಇದನ್ನು ಮನೆಯವರಿಗೆ ನೋಯಿಸದೆ ತಿಳಿಸಿ ಹೇಳುವುದನ್ನೂ ವಾರ್ಡಿನಲ್ಲಿಯೇ ಕಲಿಯಬೇಕು.

ಓದುವ ಮನಸ್ಸಿದ್ದವರಿಗೆ ಮುಂಬಯಿಯಲ್ಲಿ ಕೆ.ಇ.ಎಂ. ಅಲ್ಲದೆ ಸಯನ್ ಮತ್ತು ನಾಯರ್ ಆಸ್ಪತ್ರೆಗಳಿಗೆ ಸೇರಿದ ಕಾಲೇಜುಗಳಿವೆ. ಕರ್ನಾಟಕದಲ್ಲಿ ಮಣಿಪಾಲ, ತಮಿಳುನಾಡಿನಲ್ಲಿ ವೆಲ್ಲೂರಿನ ಸಿ.ಎಂ.ಸಿ. ಮತ್ತು ಚೆನ್ನೈ ಹತ್ತಿರ ಮುಟ್ಟುಕಾಡಿನ ರಾಷ್ಟ್ರೀಯ ಸಂಸ್ಥೆ, ದೆಹಲಿಯಲ್ಲಿ ಪಂಡಿತ್ ದೀನದಯಾಳ್ ಉಪಾಧ್ಯಾಯ ಸಂಸ್ಥೆ ಇವೆ. 2021ರ ಕೇಂದ್ರ ಕಾಯ್ದೆ ಈ ವೃತ್ತಿಯನ್ನೂ ತನ್ನ ವ್ಯಾಪ್ತಿಗೆ ತಂದಿರುವುದರಿಂದ, ಕೋರ್ಸಿನ ಅವಧಿ ಮತ್ತು ಪ್ರವೇಶದ ನಿಯಮಗಳನ್ನು ಸೇರುವ ವರ್ಷವೇ ಕೇಳಿ ಖಚಿತಪಡಿಸಿಕೊಳ್ಳಿ. ಮುಗಿಸಿದವರಿಗೆ ಆಸ್ಪತ್ರೆ, ವಿಶೇಷ ಶಾಲೆ, ಪುನರ್ವಸತಿ ಕೇಂದ್ರ, ಸ್ವಂತ ಕ್ಲಿನಿಕ್, ಹೀಗೆ ದಾರಿಗಳು ಹಲವು.

ಸೇರುವ ಮೊದಲು ಮಗನನ್ನೋ ಮಗಳನ್ನೋ ಒಂದು ದಿನ ಇಂಥ ವಿಭಾಗಕ್ಕೆ ಅನುಮತಿ ಪಡೆದು ಕಳಿಸಿ. ಒಬ್ಬರು ಒಂದು ಗುಂಡಿ ಹಾಕಲು ಹತ್ತು ನಿಮಿಷ ಒದ್ದಾಡುವುದನ್ನು ಬೇಸರವಿಲ್ಲದೆ, ಕೈ ಚಾಚದೆ ನೋಡಿ ಬಂದರೆ, ಆ ಮಗುವಿಗೆ ಈ ಓದು ಒಗ್ಗುತ್ತದೆ.