ಹಳೆಯ ಗಣಕಯಂತ್ರದ ಕಾರ್ಯಾಚರಣಾ ವ್ಯವಸ್ಥೆಯ ಉನ್ನತೀಕರಣ

ಹಳೆಯ ಗಣಕಯಂತ್ರದ ಕಾರ್ಯಾಚರಣಾ ವ್ಯವಸ್ಥೆಯ ಉನ್ನತೀಕರಣವೆಂದರೆ, ಯಂತ್ರವನ್ನು ಬದಲಾಯಿಸದೆ ಅದನ್ನು ನಡೆಸುವ ಮೂಲ ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸುವ ಅಥವಾ ಬೇರೊಂದು ಕಾರ್ಯಾಚರಣಾ ವ್ಯವಸ್ಥೆಯನ್ನು ಅಳವಡಿಸುವ ಕಾರ್ಯ. ಸುರಕ್ಷತೆ, ಹೊಸ ತಂತ್ರಾಂಶಗಳ ಬಳಕೆ ಮತ್ತು ಯಂತ್ರದ ಆಯುಸ್ಸನ್ನು ಹೆಚ್ಚಿಸುವುದು ಇದರ ಮುಖ್ಯ ಉದ್ದೇಶಗಳು. ಬಜಪೆ ಸೇರಿದಂತೆ ಮಂಗಳೂರು ಪರಿಸರದಲ್ಲಿ ಕನ್ನಡದ ಜೊತೆಗೆ ತುಳು, ಕೊಂಕಣಿ ಮತ್ತು ಬ್ಯಾರಿ ಭಾಷೆಗಳನ್ನೂ ಕನ್ನಡ ಲಿಪಿಯಲ್ಲಿ ಬರೆಯುವ ರೂಢಿಯಿದೆ. ಆದುದರಿಂದ ಹಳೆಯ ಕಡತಗಳಲ್ಲಿರುವ ಕನ್ನಡ ಅಕ್ಷರಗಳು ಹೊಸ ವ್ಯವಸ್ಥೆಯಲ್ಲಿಯೂ ಓದಲು ಸಿಗುವಂತೆ ನೋಡಿಕೊಳ್ಳುವುದು ಇಲ್ಲಿನ ಬಳಕೆದಾರರಿಗೆ ಮುಖ್ಯವಾದ ವಿಷಯ.

ಉನ್ನತೀಕರಣದ ಅಗತ್ಯ

ಪ್ರತಿಯೊಂದು ಕಾರ್ಯಾಚರಣಾ ವ್ಯವಸ್ಥೆಗೂ ತಯಾರಕರು ಬೆಂಬಲದ ಅವಧಿಯನ್ನು ನಿಗದಿಪಡಿಸಿರುತ್ತಾರೆ. ಈ ಅವಧಿ ಮುಗಿದ ಮೇಲೂ ಗಣಕಯಂತ್ರ ಎಂದಿನಂತೆ ಕೆಲಸ ಮಾಡುತ್ತದೆ. ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ದೋಷಗಳಿಗೆ ಪರಿಹಾರ ದೊರೆಯುವುದಿಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಮತ್ತು ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ಕೊನೆಗೊಂಡಿತು. ವಿಂಡೋಸ್ 10ರ ಮನೆಬಳಕೆದಾರರು ವಿಸ್ತೃತ ಭದ್ರತಾ ಯೋಜನೆಗೆ ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಪರಿಷ್ಕರಣೆಗಳನ್ನು ಪಡೆಯುವ ಅವಕಾಶವನ್ನು ಸಂಸ್ಥೆ ಕಲ್ಪಿಸಿತು.

ಕಾಲಕ್ರಮೇಣ ಜಾಲವೀಕ್ಷಕ ತಂತ್ರಾಂಶಗಳೂ ಹಳೆಯ ಆವೃತ್ತಿಗಳನ್ನು ಕೈಬಿಡುತ್ತವೆ. ಆಗ ಬ್ಯಾಂಕಿನ ಅಥವಾ ಸರ್ಕಾರಿ ಸೇವೆಗಳ ತಾಣಗಳು ತೆರೆಯದೆ ಹೋಗಬಹುದು. ಎಲ್ಲ ಸಂದರ್ಭಗಳಲ್ಲಿಯೂ ಇದಕ್ಕೆ ಕಾರ್ಯಾಚರಣಾ ವ್ಯವಸ್ಥೆಯೇ ಕಾರಣವಾಗಿರುವುದಿಲ್ಲ. ಮದರ್‌ಬೋರ್ಡಿನಲ್ಲಿರುವ ನಾಣ್ಯದಾಕಾರದ ಬ್ಯಾಟರಿ ಮುಗಿದಿದ್ದರೆ ಯಂತ್ರದ ದಿನಾಂಕ ಹಿಂದಕ್ಕೆ ಹೋಗಿ, ಸುರಕ್ಷಿತ ತಾಣಗಳ ಪ್ರಮಾಣಪತ್ರಗಳು ಅಮಾನ್ಯವೆಂಬ ಸೂಚನೆ ಕಾಣಿಸಿಕೊಳ್ಳುತ್ತದೆ. ಬ್ಯಾಟರಿಯನ್ನು ಬದಲಾಯಿಸಿ ದಿನಾಂಕವನ್ನು ಸರಿಪಡಿಸಿದರೆ ಈ ತೊಂದರೆ ನಿವಾರಣೆಯಾಗುತ್ತದೆ.

ಯಂತ್ರದ ಸಾಮರ್ಥ್ಯ ಪರಿಶೀಲನೆ

ಸಂಸ್ಕಾರಕದ ಮಾದರಿ, ರ‍್ಯಾಮ್ ಪ್ರಮಾಣ, ಹಾರ್ಡ್ ಡಿಸ್ಕಿನ ಸ್ಥಿತಿ ಮತ್ತು ವ್ಯವಸ್ಥೆಯು 32 ಬಿಟ್‌ನದೋ 64 ಬಿಟ್‌ನದೋ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕಾಗುತ್ತದೆ. 2021ರಲ್ಲಿ ಬಿಡುಗಡೆಯಾದ ವಿಂಡೋಸ್ 11ಕ್ಕೆ 64 ಬಿಟ್ ಸಂಸ್ಕಾರಕ, ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹಸ್ಥಳ, ಸೆಕ್ಯೂರ್ ಬೂಟ್ ಸೌಲಭ್ಯ ಮತ್ತು ಟಿಪಿಎಂ 2.0 ಎಂಬ ಭದ್ರತಾ ಘಟಕ ಇರಬೇಕು. ಇಂಟೆಲ್ ಸಂಸ್ಕಾರಕಗಳಲ್ಲಿ ಸಾಮಾನ್ಯವಾಗಿ 8ನೆಯ ಪೀಳಿಗೆ ಮತ್ತು ಅನಂತರದವುಗಳಿಗೆ ಮಾತ್ರ ಅಧಿಕೃತ ಮಾನ್ಯತೆಯಿದೆ. ಈ ಅರ್ಹತೆಯಿಲ್ಲದ ಯಂತ್ರದಲ್ಲಿ ಬಳಸುದಾರಿಯಿಂದ ವಿಂಡೋಸ್ 11 ಅನುಸ್ಥಾಪಿಸಿದರೆ, ಮುಂದಿನ ಪರಿಷ್ಕರಣೆಗಳು ದೊರೆಯುವ ಖಾತರಿ ಇರುವುದಿಲ್ಲ.

ಯಂತ್ರ ನಿಧಾನವಾಗಿರುವುದೇ ತೊಂದರೆಯಾಗಿದ್ದರೆ, ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಅಳವಡಿಸುವುದು ಮತ್ತು ರ‍್ಯಾಮ್ ಹೆಚ್ಚಿಸುವುದು ಪರಿಣಾಮಕಾರಿ. ಹೆಚ್ಚಿನ ಹಳೆಯ ಗಣಕಗಳಲ್ಲಿರುವ ಸಾಟಾ ಸಂಪರ್ಕಕ್ಕೆ ಸಾಮಾನ್ಯ ಎರಡೂವರೆ ಇಂಚಿನ ಎಸ್‌ಎಸ್‌ಡಿ ಹೊಂದಿಕೊಳ್ಳುತ್ತದೆ. ಹೊಸ ಡಿಸ್ಕಿನಲ್ಲಿ ವ್ಯವಸ್ಥೆಯನ್ನು ಸ್ಥಾಪಿಸಿ ಹಳೆಯ ಡಿಸ್ಕನ್ನು ಹಾಗೆಯೇ ತೆಗೆದಿರಿಸಿದರೆ, ಯಾವುದಾದರೂ ಕಡತ ಬಿಟ್ಟುಹೋಗಿದ್ದರೂ ಅದನ್ನು ಮರಳಿ ಪಡೆಯಬಹುದು.

ಕನ್ನಡ ಕಡತಗಳು ಮತ್ತು ಅಕ್ಷರವಿನ್ಯಾಸ

ಕನ್ನಡ ಗಣಕೀಕರಣದ ಪ್ರವರ್ತಕರಲ್ಲಿ ಒಬ್ಬರಾದ ಕೆ. ಪಿ. ರಾವ್ ಬಜಪೆಗೆ ಸಮೀಪದ ಕಿನ್ನಿಕಂಬಳದವರು. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ 'ಸೇಡಿಯಾಪು' ಎಂಬ ಕನ್ನಡ ತಂತ್ರಾಂಶವನ್ನು ರೂಪಿಸಿದ ಅವರು, ಧ್ವನಿಗನುಗುಣವಾದ ಕೀಲಿಮಣೆ ವಿನ್ಯಾಸವನ್ನೂ ರಚಿಸಿದರು. ಕರ್ನಾಟಕ ಸರ್ಕಾರ ಅಂಗೀಕರಿಸಿದ ಕೀಲಿಮಣೆಗೆ ಈ ವಿನ್ಯಾಸವೇ ಆಧಾರ. ಕನ್ನಡ ಗಣಕ ಪರಿಷತ್ತು ಅಭಿವೃದ್ಧಿಪಡಿಸಿದ ನುಡಿ ತಂತ್ರಾಂಶದಲ್ಲಿಯೂ ಇದೇ ಬಳಕೆಯಲ್ಲಿದೆ.

ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಹಿಂದಿನ ಅಕ್ಷರಶೈಲಿಗಳು ಯುನಿಕೋಡ್ ಶಿಷ್ಟತೆಯನ್ನು ಅನುಸರಿಸುತ್ತಿರಲಿಲ್ಲ. ಅವುಗಳಲ್ಲಿ ಸಿದ್ಧಪಡಿಸಿದ ಕಡತದೊಳಗೆ ಇರುವುದು ರೋಮನ್ ಅಕ್ಷರ ಹಾಗೂ ಚಿಹ್ನೆಗಳ ಸಂಕೇತಗಳು. ಅವುಗಳ ಮೇಲೆ ಕನ್ನಡದ ಆಕಾರವನ್ನು ಬಿಡಿಸುವುದು ಅಕ್ಷರಶೈಲಿಯ ಕೆಲಸ. ಹೊಸದಾಗಿ ಸ್ಥಾಪಿಸಿದ ವ್ಯವಸ್ಥೆಯಲ್ಲಿ ಆ ಅಕ್ಷರಶೈಲಿ ಇಲ್ಲದಿದ್ದರೆ, ಮನೆಯ ಲೆಕ್ಕಪತ್ರವಾಗಲಿ ಯಕ್ಷಗಾನ ಪ್ರಸಂಗದ ಹಸ್ತಪ್ರತಿಯಾಗಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಇದನ್ನು ಕಡತ ಕೆಟ್ಟಿದೆಯೆಂದು ಭಾವಿಸಿ ಅಳಿಸಿಹಾಕುವುದು ತಪ್ಪು. ಮೂಲ ಅಕ್ಷರಶೈಲಿಯನ್ನು ಮರಳಿ ಸ್ಥಾಪಿಸಿದರೆ ಬರೆಹ ಮೊದಲಿನಂತೆಯೇ ಕಾಣಿಸುತ್ತದೆ. ಆದುದರಿಂದ ಉನ್ನತೀಕರಣಕ್ಕೆ ಮೊದಲು ವಿಂಡೋಸ್ ಕಡತಕೋಶದೊಳಗಿನ ಅಕ್ಷರಶೈಲಿಗಳನ್ನೂ ಪ್ರತಿ ಮಾಡಿಕೊಳ್ಳುವುದು ಅವಶ್ಯ.

ಶಾಶ್ವತ ಪರಿಹಾರವೆಂದರೆ ಇಂತಹ ಕಡತಗಳನ್ನು ಪರಿವರ್ತಕ ತಂತ್ರಾಂಶದ ಮೂಲಕ ಯುನಿಕೋಡ್‌ಗೆ ಬದಲಿಸುವುದು. 1991ರ ಮೊದಲ ಆವೃತ್ತಿಯಲ್ಲಿಯೇ ಯುನಿಕೋಡ್ ಕನ್ನಡ ಲಿಪಿಯನ್ನು ಒಳಗೊಂಡಿತ್ತು. ವಿಂಡೋಸ್‌ನಲ್ಲಿ ಎಕ್ಸ್‌ಪಿ ಆವೃತ್ತಿಯಿಂದ 'ತುಂಗಾ' ಅಕ್ಷರಶೈಲಿಯೊಂದಿಗೆ ಕನ್ನಡದ ಬೆಂಬಲ ಬಂದಿತು. ಈಗಿನ ಆವೃತ್ತಿಗಳಲ್ಲಿ 'ನಿರ್ಮಲಾ' ಅಕ್ಷರಶೈಲಿ ಬಳಕೆಯಲ್ಲಿದೆ. ಪರಿವರ್ತನೆಯ ಬಳಿಕ ಒತ್ತಕ್ಷರ, ಅರ್ಕಾವತ್ತು ಮತ್ತು ಅಂಕಿಗಳನ್ನು ಮೂಲದೊಂದಿಗೆ ಹೋಲಿಸಿ ನೋಡಬೇಕು. ಮೂಲ ಕಡತವನ್ನು ಉಳಿಸಿಕೊಳ್ಳುವುದು ಕ್ಷೇಮ. ತುಳು–ತಿಗಳಾರಿ ಲಿಪಿಯು 2024ರ ಯುನಿಕೋಡ್ 16.0ರಲ್ಲಷ್ಟೇ ಸೇರ್ಪಡೆಯಾದುದರಿಂದ, ಹಳೆಯ ವ್ಯವಸ್ಥೆಗಳಲ್ಲಿ ಅದಕ್ಕೆ ಅಂತರ್ಗತ ಬೆಂಬಲವಿಲ್ಲ.

ಅನುಸ್ಥಾಪನೆಯ ಹಂತಗಳು

ದಾಖಲೆ, ಛಾಯಾಚಿತ್ರ ಮತ್ತು ಅಕ್ಷರಶೈಲಿಗಳನ್ನು ಎರಡು ಬೇರೆ ಬೇರೆ ಕಡೆ ಪ್ರತಿ ಮಾಡಿ, ಆ ಪ್ರತಿಗಳನ್ನು ಇನ್ನೊಂದು ಯಂತ್ರದಲ್ಲಿ ತೆರೆದು ಪರೀಕ್ಷಿಸುವುದು ಮೊದಲ ಹಂತ. ಡೆಸ್ಕ್‌ಟಾಪ್ ಮೇಲೆ ಇಟ್ಟ ಕಡತಗಳು ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲಿರುತ್ತವೆ. ಹೊಸದಾಗಿ ಅನುಸ್ಥಾಪಿಸುವಾಗ ಆ ಭಾಗವೇ ಅಳಿಸಿಹೋಗುವುದರಿಂದ ಈ ಕಡತಗಳನ್ನು ಮರೆಯಬಾರದು.

ಎರಡನೆಯ ಹಂತದಲ್ಲಿ, ಅನುಸ್ಥಾಪನಾ ಕಡತವನ್ನು ಅಧಿಕೃತ ತಾಣದಿಂದಲೇ ಪಡೆದು ಕನಿಷ್ಠ 8 ಜಿಬಿಯ ಪೆನ್‌ಡ್ರೈವ್‌ಗೆ ಅಳವಡಿಸಲಾಗುತ್ತದೆ. ವಿಂಡೋಸ್ 7ರಿಂದ 10ಕ್ಕೆ ಕಡತಗಳನ್ನು ಉಳಿಸಿಕೊಂಡೇ ಏರಲು ಸಾಧ್ಯವಿತ್ತು. ಎಕ್ಸ್‌ಪಿಯಿಂದ ಅಂತಹ ನೇರ ದಾರಿಯಿಲ್ಲದೆ ಹೊಸದಾಗಿಯೇ ಅನುಸ್ಥಾಪಿಸಬೇಕಾಗುತ್ತದೆ. 32 ಬಿಟ್‌ನಿಂದ 64 ಬಿಟ್‌ಗೆ ಬದಲಾಗುವಾಗಲೂ ಇದೇ ನಿಯಮ ಅನ್ವಯಿಸುತ್ತದೆ. 64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್ ತಂತ್ರಾಂಶಗಳೂ 32 ಬಿಟ್ ಚಾಲಕ ತಂತ್ರಾಂಶಗಳೂ ನಡೆಯುವುದಿಲ್ಲವಾದ್ದರಿಂದ, ಹಳೆಯ ಮುದ್ರಕ ಮತ್ತು ಸ್ಕ್ಯಾನರ್‌ಗಳಿಗೆ ಸೂಕ್ತ ಚಾಲಕ ಲಭ್ಯವಿದೆಯೇ ಎಂದು ಮುಂಚಿತವಾಗಿ ನೋಡಿಕೊಳ್ಳಬೇಕು.

ಅನುಸ್ಥಾಪನೆಯ ನಡುವೆ ವಿದ್ಯುತ್ ಕಡಿತವಾದರೆ ಯಂತ್ರ ಪ್ರಾರಂಭವಾಗದ ಸ್ಥಿತಿ ಉಂಟಾಗಬಹುದು. ದಕ್ಷಿಣ ಕನ್ನಡದಲ್ಲಿ ಮುಂಗಾರಿಗೆ ಮುನ್ನ ಹಾಗೂ ಹಿಂಗಾರಿನ ದಿನಗಳಲ್ಲಿ ಸಂಜೆಯ ಗುಡುಗು ಸಿಡಿಲು ಸಾಮಾನ್ಯ. ಯುಪಿಎಸ್ ಕಡಿತದ ಸಮಯದಲ್ಲಿ ಸ್ವಲ್ಪ ಕಾಲಾವಕಾಶ ನೀಡುತ್ತದೆಯೇ ಹೊರತು ಸಿಡಿಲಿನಿಂದ ರಕ್ಷಣೆಯ ಭರವಸೆ ನೀಡುವುದಿಲ್ಲ. ಆದುದರಿಂದ ಬಾನು ತಿಳಿಯಾಗಿರುವ ಬೆಳಗಿನ ಹೊತ್ತು ಈ ಕೆಲಸಕ್ಕೆ ಅನುಕೂಲಕರ.

ಲಿನಕ್ಸ್ ಪರ್ಯಾಯ

ವಿಂಡೋಸ್ 11ಕ್ಕೆ ಅರ್ಹವಲ್ಲದ ಯಂತ್ರಗಳಿಗೆ ಲಿನಕ್ಸ್ ಆಧಾರಿತ ಮುಕ್ತ ವ್ಯವಸ್ಥೆಗಳು ಪರ್ಯಾಯವಾಗಿವೆ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಮತ್ತು ಲುಬುಂಟು ಕಡಿಮೆ ಸಾಮರ್ಥ್ಯದ ಗಣಕಗಳಿಗೂ ಹೊಂದಿಕೊಳ್ಳುತ್ತವೆ. ಡಿಸ್ಕಿನಲ್ಲಿ ಏನನ್ನೂ ಬದಲಾಯಿಸದೆ ಪೆನ್‌ಡ್ರೈವ್‌ನಿಂದಲೇ ನಡೆಸಿ, ವೈ-ಫೈ, ಧ್ವನಿ ಮತ್ತು ಮುದ್ರಕ ಕೆಲಸ ಮಾಡುತ್ತವೆಯೇ ಎಂದು ಪರೀಕ್ಷಿಸುವ ಅವಕಾಶ ಇವುಗಳಲ್ಲಿದೆ. ಐಬಸ್ ವ್ಯವಸ್ಥೆಯ ಮೂಲಕ ಕೆಜಿಪಿ ಮತ್ತು ಇನ್‌ಸ್ಕ್ರಿಪ್ಟ್ ಕೀಲಿಮಣೆಗಳೂ, ಲೋಹಿತ್, ಗುಬ್ಬಿ, ನವಿಲು ಮೊದಲಾದ ಮುಕ್ತ ಕನ್ನಡ ಅಕ್ಷರಶೈಲಿಗಳೂ ಲಭ್ಯವಿವೆ. ಆದರೆ ವಿಂಡೋಸ್‌ಗಾಗಿಯೇ ರಚಿತವಾದ ಲೆಕ್ಕಪತ್ರ ಹಾಗೂ ಪುಟವಿನ್ಯಾಸದ ತಂತ್ರಾಂಶಗಳನ್ನು ಅವಲಂಬಿಸಿದವರಿಗೆ ಇದು ಸೂಕ್ತವಾಗದಿರಬಹುದು. 32 ಬಿಟ್ ಯಂತ್ರಗಳಿಗೆ ಆಯ್ಕೆಗಳು ವಿರಳವಾಗುತ್ತಿವೆ. 2025ರಲ್ಲಿ ಬಿಡುಗಡೆಯಾದ ಡೆಬಿಯನ್ 13ರಲ್ಲಿ ಸಾಮಾನ್ಯ 32 ಬಿಟ್ ಗಣಕಗಳ ಅನುಸ್ಥಾಪಕವನ್ನು ಕೈಬಿಡಲಾಯಿತು.

ಉನ್ನತೀಕರಣ ಸಾಧ್ಯವಾಗದಿದ್ದಾಗ

ಬೆಂಬಲವಿರುವ ಯಾವ ವ್ಯವಸ್ಥೆಯೂ ಹೊಂದದ ಯಂತ್ರವನ್ನು ಅಂತರಜಾಲ ಸಂಪರ್ಕವಿಲ್ಲದೆ ಬೆರಳಚ್ಚಿಗೆ ಅಥವಾ ಹಳೆಯ ಕಡತಗಳನ್ನು ತೆರೆಯುವುದಕ್ಕೆ ಮೀಸಲಿಡಬಹುದು. ವಿಲೇವಾರಿ ಮಾಡುವುದಾದರೆ ಡಿಸ್ಕಿನ ದತ್ತಾಂಶವನ್ನು ಪೂರ್ಣವಾಗಿ ಅಳಿಸಿದ ಅನಂತರವೇ ನೀಡಬೇಕು. ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ, ಇಂತಹ ಉಪಕರಣಗಳ ಮರುಬಳಕೆ ಪ್ರಕ್ರಿಯೆಯು ನೋಂದಾಯಿತ ಸಂಸ್ಥೆಗಳ ಮೂಲಕ ನಡೆಯಬೇಕಾಗಿದೆ.